ಬಡ್ತಿ ಪಡೆದ ತಂಡ ಮರುವರ್ಷವೇ ಏಕೆ ಕೆಳಗಿಳಿಯುತ್ತದೆ?

ಪ್ರಶ್ನೆ: ನಾನು ಕಾರವಾರದ ಸದಾಶಿವಗಡದವನು, ಪದವಿ ಓದುತ್ತಿದ್ದೇನೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಕೆಲವು ವರ್ಷಗಳಿಂದ ತಪ್ಪದೆ ನೋಡುತ್ತಿದ್ದೇನೆ. ಕೆಳಗಿನ ಚಾಂಪಿಯನ್‌ಶಿಪ್ ವಿಭಾಗದಲ್ಲಿ ನೂರರ ಆಸುಪಾಸು ಅಂಕ ಗಳಿಸಿ ಮೇಲೆ ಬಂದ ತಂಡಗಳು ಮರುವರ್ಷವೇ ಕೊನೆಯ ಮೂರು ಸ್ಥಾನಗಳಿಗೆ ಕುಸಿದು ಹಿಂತಿರುಗಿದ್ದನ್ನು ಸತತ ಎರಡು ವರ್ಷ ಕಂಡೆ. ಇದು ಕೇವಲ ಹಣದ ಪ್ರಶ್ನೆಯೇ? ಇನ್ನೊಂದು ಮಾತು: ನಮ್ಮ ಕೇರಿಯ ಹುಡುಗರ ತಂಡವನ್ನು ಈ ಸಲ ಗೋವಾದ ಒಂದು ಟೂರ್ನಿಯಲ್ಲಿ ಮೊದಲ ಬಾರಿಗೆ ಮೇಲಿನ ವಿಭಾಗಕ್ಕೆ ಸೇರಿಸಿಕೊಂಡಿದ್ದಾರೆ. ದೊಡ್ಡ ತಂಡಗಳ ಈ ಅನುಭವದಿಂದ ನಾವು ಕಲಿಯುವಂಥದ್ದು ಏನಾದರೂ ಇದೆಯೇ?

ಉತ್ತರ: ನೀವು ಕಂಡ ಆ ಎರಡು ವರ್ಷಗಳು ಪ್ರೀಮಿಯರ್ ಲೀಗಿನ ಚರಿತ್ರೆಯಲ್ಲಿಯೇ ಅಪರೂಪದವು. 1992ರಲ್ಲಿ ಲೀಗ್ ಆರಂಭವಾದಂದಿನಿಂದ ಬಡ್ತಿ ಪಡೆದ ಮೂರೂ ತಂಡಗಳು ಒಟ್ಟಿಗೇ ಹಿಂಬಡ್ತಿ ಕಂಡದ್ದು ಅದಕ್ಕೆ ಮುಂಚೆ ಒಂದೇ ಸಲ, 1997-98ರಲ್ಲಿ. ಆಗ ಇಳಿದವು ಬೋಲ್ಟನ್, ಬಾರ್ನ್‌ಸ್ಲಿ ಮತ್ತು ಕ್ರಿಸ್ಟಲ್ ಪ್ಯಾಲೇಸ್. ಆಮೇಲೆ ಕಾಲು ಶತಮಾನ ಹಾಗಾಗಲಿಲ್ಲ. 2023-24ರಲ್ಲಿ ಲೂಟನ್ ಟೌನ್, ಬರ್ನ್‌ಲಿ ಮತ್ತು ಶೆಫೀಲ್ಡ್ ಯುನೈಟೆಡ್ ಕ್ರಮವಾಗಿ 26, 24 ಮತ್ತು 16 ಅಂಕಗಳೊಂದಿಗೆ ಕೆಳಗಿಳಿದವು. ಮರುವರ್ಷ ಲೆಸ್ಟರ್ ಸಿಟಿ, ಇಪ್ಸ್‌ವಿಚ್ ಟೌನ್ ಮತ್ತು ಸೌತಾಂಪ್ಟನ್ 25, 22 ಮತ್ತು 12 ಅಂಕಗಳೊಂದಿಗೆ ಅದೇ ದಾರಿ ಹಿಡಿದವು. ಇವು ಕೆಳಗಿನ ವಿಭಾಗದಲ್ಲಿ ಹೇಗೋ ಏಗಿಕೊಂಡು ಬಂದ ತಂಡಗಳಾಗಿದ್ದರೆ ಇದರಲ್ಲಿ ಆಶ್ಚರ್ಯಪಡುವುದೇನೂ ಇರುತ್ತಿರಲಿಲ್ಲ. ಆದರೆ ಬರ್ನ್‌ಲಿ 2022-23ರ ಚಾಂಪಿಯನ್‌ಶಿಪ್‌ನ 46 ಪಂದ್ಯಗಳಲ್ಲಿ ಸೋತದ್ದು ಕೇವಲ ಮೂರನ್ನು, ಗಳಿಸಿದ್ದು 101 ಅಂಕಗಳನ್ನು. ಮರುವರ್ಷದ 38 ಪಂದ್ಯಗಳಲ್ಲಿ ಅದು ಗೆದ್ದದ್ದೇ ಐದು. ಲೆಸ್ಟರ್ 97 ಅಂಕಗಳಿಂದ 25ಕ್ಕೆ ಬಂದು ನಿಂತಿತು. ಹಲವರು ಅದೇ ಆಟಗಾರರು, ಅದೇ ಮೈದಾನ, ಅದೇ ಅಭಿಮಾನಿಗಳು. ಆದ್ದರಿಂದ ನಿಮ್ಮ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ವಿವರವಾದ ಉತ್ತರವೇ ಬೇಕು.

ಮೊದಲಿಗೆ ಒಂದು ಎಚ್ಚರಿಕೆಯ ಮಾತು. ಇದನ್ನು ತಪ್ಪಿಸಲಾಗದ ವಿಧಿಯೆಂದು ಭಾವಿಸಬಾರದು. ಈ ಎರಡು ವರ್ಷಗಳಿಗೆ ತುಸು ಮುಂಚೆ, 2022-23ರಲ್ಲಿ, ಬಡ್ತಿ ಪಡೆದಿದ್ದ ಫುಲಮ್, ಬೋರ್ನ್‌ಮತ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ಮೂರೂ ಉಳಿದುಕೊಂಡಿದ್ದವು. 2017-18ರಲ್ಲಿಯೂ ನ್ಯೂಕಾಸಲ್, ಬ್ರೈಟನ್ ಮತ್ತು ಹಡರ್ಸ್‌ಫೀಲ್ಡ್ ಮೂರೂ ಉಳಿದವು. ಹಾಗಾಗಿ ಮೇಲಿನ ವಿಭಾಗದ ಬಾಗಿಲು ಶಾಶ್ವತವಾಗಿ ಮುಚ್ಚಿದೆ ಎಂದು ಹೇಳಲು ಬರುವುದಿಲ್ಲ; ಆದರೆ ಅದನ್ನು ಈಗ ಒಳಗಿನಿಂದ ಬಲವಾಗಿ ತಳ್ಳಿ ಹಿಡಿದವರಿದ್ದಾರೆ.

ಹಾಗೆ ತಳ್ಳಿ ಹಿಡಿದವರು ಯಾರು ಎಂಬಲ್ಲಿಂದಲೇ ಆರಂಭಿಸೋಣ. ಹೊಸ ತಂಡದ ಕಷ್ಟವನ್ನು ವಿವರಿಸುವಾಗ ಸಾಮಾನ್ಯವಾಗಿ ನಾವು ಮ್ಯಾಂಚೆಸ್ಟರ್ ಸಿಟಿ, ಲಿವರ್‌ಪೂಲ್, ಆರ್ಸೆನಲ್‌ಗಳ ಶ್ರೀಮಂತಿಕೆಯನ್ನು ಎತ್ತಿ ಹೇಳುತ್ತೇವೆ. ಉಳಿಯುವ ಲೆಕ್ಕಾಚಾರಕ್ಕೆ ಅದು ಅಷ್ಟಾಗಿ ಸಂಬಂಧಿಸಿದ್ದಲ್ಲ. ಹೊಸಬರು ಆ ಐದಾರು ತಂಡಗಳೆದುರಿನ ಎಲ್ಲ ಪಂದ್ಯಗಳನ್ನು ಸೋತರೂ ಉಳಿಯಬಹುದು, ಏಕೆಂದರೆ ಇಪ್ಪತ್ತು ತಂಡಗಳಲ್ಲಿ ಇಳಿಯುವುದು ಕೊನೆಯ ಮೂರು, ಅವರು ಹಿಂದಿಕ್ಕಬೇಕಾದದ್ದು ಹದಿನೇಳನೆಯ ಸ್ಥಾನದ ತಂಡವನ್ನು ಮಾತ್ರ. ಆದ್ದರಿಂದ ಅಂಕಪಟ್ಟಿಯನ್ನು ಮೇಲಿನಿಂದ ಓದುವ ಬದಲು ನಡುವಿನಿಂದ ಕೆಳಗೆ ಓದಬೇಕು. 2024-25ರ ಪಟ್ಟಿಯಲ್ಲಿ ಐದನೆಯ ಸ್ಥಾನದಿಂದ ಹನ್ನೆರಡನೆಯ ಸ್ಥಾನದವರೆಗೆ ನಿಂತ ತಂಡಗಳು ಇವು: ನ್ಯೂಕಾಸಲ್, ಆಸ್ಟನ್ ವಿಲ್ಲಾ, ನಾಟಿಂಗ್‌ಹ್ಯಾಮ್ ಫಾರೆಸ್ಟ್, ಬ್ರೈಟನ್, ಬೋರ್ನ್‌ಮತ್, ಬ್ರೆಂಟ್‌ಫರ್ಡ್, ಫುಲಮ್, ಕ್ರಿಸ್ಟಲ್ ಪ್ಯಾಲೇಸ್. ಈ ಎಂಟೂ ತಂಡಗಳು 2013ರಿಂದ 2022ರ ನಡುವೆ ಕೆಳಗಿನಿಂದ ಬಡ್ತಿ ಪಡೆದೇ ಬಂದವು. ಪ್ಯಾಲೇಸ್ ಅದೇ ವರ್ಷ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್.ಎ. ಕಪ್ ಗೆದ್ದಿತು.

ಒಂದು ಕಾಲದಲ್ಲಿ ಪಟ್ಟಿಯ ನಡುಭಾಗದಲ್ಲಿ ಸೊರಗಿದ ಹಳೆಯ ತಂಡಗಳು ಕೆಲವಾದರೂ ಇರುತ್ತಿದ್ದವು. ಉತ್ಸಾಹದಿಂದ ಬಂದ ಹೊಸಬರು ಅವುಗಳನ್ನು ಸೋಲಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಈಗ ಅಲ್ಲಿ ಕುಳಿತವರು ನಿನ್ನೆಯ ಹೊಸಬರೇ. ಅವರು ಉಳಿಯುವ ವಿದ್ಯೆಯನ್ನು ಕಷ್ಟಪಟ್ಟು ಕಲಿತವರು, ಆಟಗಾರರನ್ನು ಎಳೆಯ ವಯಸ್ಸಿನಲ್ಲಿ ಗುರುತಿಸಿ ಕಡಿಮೆ ಬೆಲೆಗೆ ತಂದು ಬೆಳೆಸಿ ಮಾರುವುದರಲ್ಲಿ ಪಳಗಿದವರು, ಬಂದ ಹಣವನ್ನು ಮತ್ತೆ ತಂಡಕ್ಕೇ ಹಾಕುವವರು. 2017ರಲ್ಲಿ ಬಡ್ತಿ ಪಡೆದ ಬ್ರೈಟನ್, 2023ರಲ್ಲಿ ಮೊಯ್ಸೆಸ್ ಕೈಸೆಡೊ ಎಂಬ ಒಬ್ಬ ಆಟಗಾರನನ್ನು ಚೆಲ್ಸಿಗೆ ಮಾರಿದ್ದು 10 ಕೋಟಿ ಪೌಂಡಿಗಿಂತ ಹೆಚ್ಚಿನ ಮೊತ್ತಕ್ಕೆ. ಹೊಸ ತಂಡವೊಂದು ಇಂಥವರನ್ನು ಹಿಂದಿಕ್ಕಿ ಒಳಗೆ ಬರಬೇಕಾಗಿದೆ. 2024-25ರಲ್ಲಿ ಹದಿನೇಳನೆಯ ಸ್ಥಾನಕ್ಕೆ ಜಾರಿದ ಟಾಟನ್‌ಹ್ಯಾಮ್ 22 ಪಂದ್ಯಗಳನ್ನು ಸೋತಿತ್ತು. ಅಷ್ಟು ಸೋತ ತಂಡಕ್ಕೂ ಹದಿನೆಂಟನೆಯ ಸ್ಥಾನದ ಲೆಸ್ಟರ್‌ಗೂ ನಡುವೆ 13 ಅಂಕಗಳ ಅಂತರವಿತ್ತು. ಆ ಅಂತರವೇ ನಿಮ್ಮ ಪ್ರಶ್ನೆಯ ತಿರುಳು.

ಇನ್ನು ಹಣದ ವಿಚಾರ. ಪ್ರೀಮಿಯರ್ ಲೀಗಿನ ಪ್ರಸಾರ ಹಕ್ಕಿನ ಹಣ ಹಂಚುವ ಪದ್ಧತಿ ಯೂರೋಪಿನ ಇತರ ಲೀಗುಗಳಿಗೆ ಹೋಲಿಸಿದರೆ ಸಮಾನತೆಗೆ ಹತ್ತಿರವಾದದ್ದು. 2023-24ರಲ್ಲಿ ಕೊನೆಯ ಸ್ಥಾನ ಪಡೆದ ಶೆಫೀಲ್ಡ್ ಯುನೈಟೆಡ್‌ಗೂ ಸುಮಾರು 11 ಕೋಟಿ ಪೌಂಡ್ ದಕ್ಕಿತು. ಹಾಗಾದರೆ ಹಣ ಸಾಲಲಿಲ್ಲ ಎನ್ನುವುದು ಹೇಗೆ ಎಂದು ನೀವು ಕೇಳಬಹುದು. ಆ ಮೊತ್ತ ಹೊಸಬರಿಗೆ ಮೊದಲ ವರ್ಷದ್ದು, ಹಳಬರಿಗೆ ಐದನೆಯದೋ ಎಂಟನೆಯದೋ ವರ್ಷದ್ದು. ಎಂಟು ವರ್ಷ ಆ ಹಣ ಪಡೆದವರ ಬಳಿ ಅದು ಈಗಾಗಲೇ ಆಟಗಾರರಾಗಿ, ತರಬೇತಿ ಕೇಂದ್ರವಾಗಿ, ದಕ್ಷಿಣ ಅಮೆರಿಕದಿಂದ ಪೂರ್ವ ಯೂರೋಪಿನವರೆಗೆ ಪ್ರತಿಭೆಗಳನ್ನು ಅರಸುವ ಜನರ ಜಾಲವಾಗಿ ಮಾರ್ಪಟ್ಟಿರುತ್ತದೆ. ಹೊಸಬರ ಬಳಿ ಅದು ಇನ್ನೂ ಬ್ಯಾಂಕಿನಲ್ಲಿರುವ ಹಣ. ಅದನ್ನು ಒಂದೇ ಬೇಸಿಗೆಯಲ್ಲಿ, ನಿಮಗೆ ಅವಸರವಿದೆ ಎಂಬುದು ಚೆನ್ನಾಗಿ ಗೊತ್ತಿರುವ ಮಾರಾಟಗಾರರ ಮುಂದೆ ಖರ್ಚು ಮಾಡಬೇಕು.

ಅದರ ಮೇಲೆ ಲೆಕ್ಕಪತ್ರದ ನಿಯಮವೊಂದಿತ್ತು. ಆ ವರ್ಷಗಳ ನಿಯಮದ ಪ್ರಕಾರ ಪ್ರೀಮಿಯರ್ ಲೀಗಿನಲ್ಲಿ ಸತತ ಮೂರು ವರ್ಷ ಇದ್ದ ಕ್ಲಬ್ ಒಟ್ಟು 10.5 ಕೋಟಿ ಪೌಂಡುಗಳವರೆಗೆ ನಷ್ಟ ತೋರಿಸಬಹುದಿತ್ತು, ಅಂದರೆ ವರ್ಷಕ್ಕೆ 3.5 ಕೋಟಿ. ಆದರೆ ಚಾಂಪಿಯನ್‌ಶಿಪ್‌ನಲ್ಲಿ ಕಳೆದ ಪ್ರತಿ ವರ್ಷಕ್ಕೆ ಆ ಮಿತಿ 1.3 ಕೋಟಿಗೆ ಇಳಿಯುತ್ತಿತ್ತು. ಎರಡು ವರ್ಷ ಕೆಳಗಿದ್ದು ಒಂದು ವರ್ಷ ಮೇಲೆ ಆಡಿದ ಕ್ಲಬ್ಬಿಗೆ ಸಿಗುತ್ತಿದ್ದ ಒಟ್ಟು ಅವಕಾಶ 6.1 ಕೋಟಿ ಮಾತ್ರ. ನಾಟಿಂಗ್‌ಹ್ಯಾಮ್ ಫಾರೆಸ್ಟ್ ಈ ಗೆರೆಯನ್ನೇ ದಾಟಿತು. 2022ರಲ್ಲಿ ಬಡ್ತಿ ತಂದುಕೊಟ್ಟ ಆಟಗಾರರಲ್ಲಿ ಹಲವರು ಬೇರೆ ಕ್ಲಬ್‌ಗಳಿಂದ ಎರವಲು ಬಂದವರಾಗಿದ್ದು ಮರಳಿ ಹೋದ ಕಾರಣ, ಆ ಕ್ಲಬ್ ಒಂದೇ ವರ್ಷದಲ್ಲಿ ಸುಮಾರು ಮೂವತ್ತು ಹೊಸ ಆಟಗಾರರನ್ನು ತಂದು, ಜನರ ಟೀಕೆಯನ್ನು ಹೊತ್ತು, 38 ಅಂಕಗಳೊಂದಿಗೆ ಉಳಿಯಿತು. ಮಿತಿಯನ್ನು 3.45 ಕೋಟಿ ಪೌಂಡ್ ಮೀರಿದ್ದಕ್ಕಾಗಿ 2024ರ ಮಾರ್ಚ್‌ನಲ್ಲಿ ಅದರ ನಾಲ್ಕು ಅಂಕಗಳನ್ನು ಕಡಿತ ಮಾಡಲಾಯಿತು. ಹೆಚ್ಚು ಬಲ ಬೇಕಾದವನಿಗೇ ಕಡಿಮೆ ಖರ್ಚಿನ ಅವಕಾಶ ಕೊಡುವ ಈ ವ್ಯವಸ್ಥೆ, ಕ್ಲಬ್‌ಗಳು ದಿವಾಳಿಯಾಗಬಾರದು ಎಂಬ ಸದುದ್ದೇಶದಿಂದ ಬಂದದ್ದೇ ಆದರೂ, ನನ್ನ ದೃಷ್ಟಿಯಲ್ಲಿ ಹೊಸಬರಿಗೆ ಅನ್ಯಾಯವನ್ನೇ ಮಾಡಿದೆ.

ಹಾಗೆಂದು ಸಾಲ ಮಾಡಿ ಖರ್ಚು ಮಾಡುವುದೂ ಉತ್ತರವಲ್ಲ ಎಂಬುದಕ್ಕೆ ಬ್ರಾಡ್‌ಫರ್ಡ್ ಸಿಟಿ ಸಾಕ್ಷಿ. 1999ರಲ್ಲಿ ಬಡ್ತಿ ಪಡೆದ ಆ ತಂಡ 1999-2000ದ ಕೊನೆಯ ದಿನ ಲಿವರ್‌ಪೂಲನ್ನು 1-0ರಿಂದ ಸೋಲಿಸಿ 36 ಅಂಕಗಳೊಂದಿಗೆ ಉಳಿಯಿತು. ಆ ಸಂತೋಷದಲ್ಲಿ ದುಬಾರಿ ಸಂಬಳದ ಆಟಗಾರರನ್ನು ತಂದಿತು, ಮರುವರ್ಷ ಕೆಳಗಿಳಿಯಿತು, 2002ರಲ್ಲಿ ಸಾಲ ತೀರಿಸಲಾಗದೆ ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಲೂಟನ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದ ಕ್ಲಬ್. 2014ರವರೆಗೆ ಐದನೆಯ ಹಂತದಲ್ಲಿ ಆಡುತ್ತಿದ್ದ ಅದು 2023ರಲ್ಲಿ ಪ್ರೀಮಿಯರ್ ಲೀಗ್ ತಲುಪಿತು. ಸುಮಾರು ಹನ್ನೆರಡು ಸಾವಿರ ಜನ ಹಿಡಿಸುವ ಅದರ ಕೆನಿಲ್ವರ್ತ್ ರೋಡ್ ಕ್ರೀಡಾಂಗಣದಲ್ಲಿ, ಸಾಲುಮನೆಗಳ ನಡುವೆ ತೂರಿಕೊಂಡು ಹೋಗುವ ಬಾಗಿಲೊಂದರಿಂದ ಎದುರಾಳಿ ಅಭಿಮಾನಿಗಳು ಒಳಗೆ ಬರುತ್ತಿದ್ದರು. ಕ್ರೀಡಾಂಗಣದ ದುರಸ್ತಿ ಮುಗಿಯದ ಕಾರಣ ಅಲ್ಲಿ ನಡೆಯಬೇಕಿದ್ದ ಮೊದಲ ಪಂದ್ಯವನ್ನೇ ಮುಂದೂಡಬೇಕಾಯಿತು. ಮಿತವಾಗಿ ಖರ್ಚು ಮಾಡಿ, ಗೌರವದಿಂದ ಹೋರಾಡಿ, ಅದು ಕೆಳಗಿಳಿಯಿತು. ಅಲ್ಲಿಗೂ ನಿಲ್ಲದೆ 2025ರಲ್ಲಿ ಮೂರನೆಯ ಹಂತಕ್ಕೆ ಜಾರಿತು. ಕೆಳಗಿಳಿದ ಕ್ಲಬ್‌ಗಳಿಗೆ ಪ್ರಸಾರದ ಸಮಪಾಲಿನ ಹಣದಲ್ಲಿ ಮೊದಲ ವರ್ಷ ಶೇ 55, ಎರಡನೆಯ ವರ್ಷ ಶೇ 45, ಮೂರನೆಯ ವರ್ಷ ಶೇ 20ರಷ್ಟನ್ನು ಕೊಡುವ ಪದ್ಧತಿ ಇದೆ; ಒಂದೇ ವರ್ಷ ಮೇಲಿದ್ದು ಇಳಿದವರಿಗೆ ಮೂರನೆಯ ಕಂತು ಇಲ್ಲ. ಈ ಹಣವಿದ್ದೂ ಲೂಟನ್ ಉಳಿಯಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಹಣ ದೊಡ್ಡ ಕಾರಣವೇ ಹೌದು, ಆದರೆ ಮೈದಾನದ ಮೇಲೆ ಆಗುವ ಒಂದು ಬದಲಾವಣೆಯನ್ನು ನೋಡದೆ ಈ ಸೋಲು ಪೂರ್ತಿ ಅರ್ಥವಾಗುವುದಿಲ್ಲ. ಕೆಳಗಿನ ವಿಭಾಗದಲ್ಲಿ ಗೆಲ್ಲುವ ತಂಡದ ಬಳಿ ಪಂದ್ಯದ ಬಹುಪಾಲು ಹೊತ್ತು ಚೆಂಡು ಇರುತ್ತದೆ. ಎದುರಾಳಿಗಳು ಹಿಂದೆ ಸರಿದು ಗೋಲಿನ ಮುಂದೆ ಗುಂಪುಗಟ್ಟುತ್ತಾರೆ. ಇವರು ತಾಳ್ಮೆಯಿಂದ ಪಾಸ್ ಮಾಡುತ್ತಾ ಬಿರುಕು ಹುಡುಕುತ್ತಾರೆ. ಹತ್ತು ತಿಂಗಳು, 46 ಪಂದ್ಯ, ದಿನವೂ ಅದೇ ಅಭ್ಯಾಸ. ಮೇಲಿನ ವಿಭಾಗಕ್ಕೆ ಬಂದ ಮೊದಲ ವಾರವೇ ಪಾತ್ರ ತಿರುಗುಮುರುಗಾಗುತ್ತದೆ: ಚೆಂಡು ಎದುರಾಳಿಯ ಬಳಿ, ಹಿಂದೆ ಸರಿದು ನಿಲ್ಲಬೇಕಾದವರು ಇವರು. ಗೆದ್ದು ಬಂದ ವಿದ್ಯೆಯನ್ನು ಬದಿಗಿಟ್ಟು, ತಮ್ಮ ಹಿಂದಿನ ವರ್ಷದ ಎದುರಾಳಿಗಳ ವಿದ್ಯೆಯನ್ನು ಕಲಿಯಬೇಕು.

ಇದನ್ನು ನಾನು ಇಲ್ಲಿಯೇ ಹತ್ತಿರದಿಂದ ಕಂಡಿದ್ದೇನೆ. ಹುಡುಗರಿಗೆ ತರಬೇತಿ ಕೊಡಲು ಆರಂಭಿಸಿದ ಹೊಸದರಲ್ಲಿ ಕಾರವಾರದ ಮಾಲಾದೇವಿ ಮೈದಾನದಲ್ಲಿ ಆಡುತ್ತಿದ್ದ ಒಬ್ಬ ಎಡಗಡೆಯ ಡಿಫೆಂಡರ್ ನಮ್ಮ ತಂಡದಲ್ಲಿದ್ದ. ಅವನ ಆಟಕ್ಕೆ ಒಂದು ಕ್ರಮವಿತ್ತು. ಬಂದ ಚೆಂಡನ್ನು ಬಲಗಾಲಿನಿಂದ ನಿಲ್ಲಿಸುತ್ತಿದ್ದ, ತಲೆಯೆತ್ತಿ ನೋಡುತ್ತಿದ್ದ, ಚೆಂಡನ್ನು ಎಡಗಾಲಿಗೆ ತಂದುಕೊಳ್ಳುತ್ತಿದ್ದ, ಅನಂತರ ಅಳೆದಿಟ್ಟಂತೆ ಪಾಸ್ ಕೊಡುತ್ತಿದ್ದ. ಅಷ್ಟು ಮಾಡುವವರೆಗೂ ಹತ್ತು ಹೆಜ್ಜೆಯೊಳಗೆ ಯಾರೂ ಬರುತ್ತಿರಲಿಲ್ಲ. ಅವನು ನಮ್ಮ ತಂಡದ ಅತ್ಯುತ್ತಮ ಪಾಸುಗಾರ. ಅದೇ ತಂಡವನ್ನು ಗಡಿ ದಾಟಿಸಿ ಮಡಗಾಂವ್ ಕಡೆಗೆ ಕರೆದುಕೊಂಡು ಹೋದಾಗ, ಅವನು ತಲೆಯೆತ್ತುವ ಹೊತ್ತಿಗೆ ಎದುರಾಳಿಯ ಮುಂಚೂಣಿ ಹುಡುಗ ಅವನ ಮುಂದೆ ನಿಂತಿರುತ್ತಿದ್ದ. ಮೊದಲ ಹತ್ತು ನಿಮಿಷಗಳಲ್ಲಿ ನಾಲ್ಕು ಸಲ ಚೆಂಡು ಕಳೆದುಕೊಂಡ. ಅರ್ಧ ಆಟ ಮುಗಿಯುವ ಹೊತ್ತಿಗೆ, ಅಂಥ ಹುಡುಗ, ಬಂದ ಚೆಂಡನ್ನೆಲ್ಲ ಗೆರೆಯಾಚೆ ಒದೆಯುತ್ತಿದ್ದ. ಅವನ ಕಾಲಿನ ಕಸುಬು ಒಂದೇ ದಿನದಲ್ಲಿ ಹೋಗಿರಲಿಲ್ಲ. ಆ ಕಸುಬನ್ನು ತೋರಿಸಲು ಅವನಿಗೆ ಸಿಗುತ್ತಿದ್ದ ಎರಡು ಸೆಕೆಂಡು ಒಂದೇ ಸೆಕೆಂಡಾಗಿತ್ತು, ಅಷ್ಟೆ.

ಸೌತಾಂಪ್ಟನ್‌ಗೆ ಆದದ್ದು ಇದರದೇ ದೊಡ್ಡ ರೂಪ. ರಸೆಲ್ ಮಾರ್ಟಿನ್ ಕೋಚ್ ಆಗಿದ್ದ ಆ ತಂಡ ಗೋಲ್‌ಕೀಪರ್‌ನಿಂದಲೇ ಸಣ್ಣ ಸಣ್ಣ ಪಾಸ್‌ಗಳಲ್ಲಿ ಆಟ ಕಟ್ಟುವ ಪದ್ಧತಿಯಿಂದ ಬಡ್ತಿ ಗಳಿಸಿತ್ತು, ಅದೇ ಪದ್ಧತಿಯನ್ನು ಮೇಲೆಯೂ ಮುಂದುವರಿಸಿತು. 2024ರ ಆಗಸ್ಟ್ 17ರಂದು ನ್ಯೂಕಾಸಲ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಎದುರಾಳಿಯ ಫಾಬಿಯಾನ್ ಶಾರ್ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರು. ಹನ್ನೊಂದು ಮಂದಿ ಹತ್ತು ಮಂದಿಯೆದುರು ಆಡುತ್ತಿದ್ದರು. ಪಂದ್ಯದ ಬಹುಪಾಲು ಹೊತ್ತು ಚೆಂಡು ಸೌತಾಂಪ್ಟನ್ ಬಳಿಯೇ ಇತ್ತು. ವಿರಾಮಕ್ಕೆ ತುಸು ಮುಂಚೆ ಗೋಲ್‌ಕೀಪರ್ ಅಲೆಕ್ಸ್ ಮೆಕಾರ್ಥಿ ತನ್ನವರಿಗೆಂದು ಕೊಟ್ಟ ಪಾಸ್ ದಾರಿ ತಪ್ಪಿ ಅಲೆಕ್ಸಾಂಡರ್ ಇಸಾಕ್ ಬಳಿ ಹೋಯಿತು, ಇಸಾಕ್ ಅದನ್ನು ಜೊಯೆಲಿಂಟನ್‌ಗೆ ಒದಗಿಸಿದರು, ಗೋಲಾಯಿತು. ಪಂದ್ಯ 1-0ರಲ್ಲಿ ಮುಗಿಯಿತು. ಕೆಳಗಿನ ವಿಭಾಗದಲ್ಲಿಯೂ ಇಂಥ ಪಾಸ್‌ಗಳು ತಪ್ಪುತ್ತವೆ, ಆದರೆ ಚೆಂಡು ಸಿಕ್ಕ ಆಟಗಾರ ಹಲವು ಸಲ ಅದನ್ನು ಹೊರಗೆ ಹೊಡೆಯುತ್ತಾನೆ. ಇಲ್ಲಿ ಅವನು ಇಸಾಕ್ ಆಗಿರುತ್ತಾನೆ. ಮಾರ್ಟಿನ್ ಡಿಸೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು. ಇನ್ನೂ ಏಳು ಪಂದ್ಯಗಳು ಬಾಕಿ ಇರುವಾಗಲೇ, ಏಪ್ರಿಲ್‌ನ ಮೊದಲ ವಾರದಲ್ಲಿ, ಸೌತಾಂಪ್ಟನ್‌ನ ಹಿಂಬಡ್ತಿ ಖಚಿತವಾಯಿತು. ಪ್ರೀಮಿಯರ್ ಲೀಗಿನಲ್ಲಿ ಅಷ್ಟು ಬೇಗ ಯಾರೂ ಇಳಿದಿರಲಿಲ್ಲ. ವಿನ್ಸೆಂಟ್ ಕೊಂಪನಿ ಅವರ ಬರ್ನ್‌ಲಿಯೂ ಹಿಂದಿನ ವರ್ಷ ಬಹುಮಟ್ಟಿಗೆ ಇದೇ ನಂಬಿಕೆಯಲ್ಲಿ ಆಡಿ ಸೋತಿತ್ತು.

ಇವರನ್ನು ಹಟಮಾರಿಗಳೆಂದು ಬಯ್ಯುವುದು ಸುಲಭ. ನಾನು ಹಾಗೆ ಬಯ್ಯಲಾರೆ. ತಂಡದ ಪ್ರತಿಯೊಬ್ಬ ಆಟಗಾರನನ್ನೂ ಆರಿಸಿ ತಂದದ್ದು ಚೆಂಡು ಇಟ್ಟುಕೊಂಡು ಆಡುವ ಕಾರಣಕ್ಕಾಗಿ; ಅವರಿಗೆ ಏಕಾಏಕಿ ಚೆಂಡು ಬಿಟ್ಟು ಆಡಿ ಎಂದರೆ ಅವರ ಬಲವನ್ನೇ ಕಿತ್ತುಕೊಂಡಂತೆ. ಬದಲಾಯಿಸಲು ಬೇರೆ ಬಗೆಯ ಆಟಗಾರರು ಬೇಕು, ಅದಕ್ಕೆ ಹಣ ಬೇಕು, ಹಣಕ್ಕೆ ನಿಯಮದ ಮಿತಿಯಿದೆ. ಕಾರಣಗಳು ಹೀಗೆ ಒಂದರ ಕಾಲಿಗೆ ಇನ್ನೊಂದು ತೊಡರಿಕೊಂಡಿವೆ.

ಈ ತಿರುವನ್ನು ಚೆನ್ನಾಗಿ ನಿಭಾಯಿಸಿದವರಲ್ಲಿ ನನಗೆ ಮೊದಲು ನೆನಪಾಗುವುದು ಬ್ರೆಂಟ್‌ಫರ್ಡ್. 1947ರ ನಂತರ ಮೊದಲ ಬಾರಿಗೆ ಅಗ್ರ ವಿಭಾಗಕ್ಕೆ ಬಂದ ಈ ಲಂಡನ್ ಕ್ಲಬ್ 2021ರ ಆಗಸ್ಟ್ 13ರಂದು ತನ್ನ ಮೊದಲ ಪಂದ್ಯದಲ್ಲಿಯೇ ಆರ್ಸೆನಲ್ ಅನ್ನು 2-0ರಿಂದ ಸೋಲಿಸಿತು. ಎರಡನೆಯ ಗೋಲು ಬಂದದ್ದು ಗೆರೆಯಾಚೆಯಿಂದ ಕೈಯಲ್ಲಿ ಎಸೆದ ಉದ್ದನೆಯ ಥ್ರೋ ಒಂದರಿಂದ. ಗೋಲಿನ ಮುಂದೆ ಪುಟಿದ ಚೆಂಡಿಗೆ ಕ್ರಿಸ್ಟಿಯನ್ ನೋರ್ಗಾರ್ಡ್ ತಲೆ ಕೊಟ್ಟರು. ಥ್ರೋ, ಕಾರ್ನರ್, ಫ್ರೀ ಕಿಕ್ ಇವು ಆಟ ನಿಂತು ಮತ್ತೆ ಶುರುವಾಗುವ ಕ್ಷಣಗಳು. ಅಲ್ಲಿ ಚೆಂಡಿನ ಮೇಲೆ ಒತ್ತಡವಿಲ್ಲ, ವಾರವಿಡೀ ಅಭ್ಯಾಸ ಮಾಡಿದ್ದನ್ನು ಹಾಗೆಯೇ ಮಾಡಿ ತೋರಿಸಬಹುದು. ದುಬಾರಿ ಆಟಗಾರರಿಲ್ಲದ ತಂಡಕ್ಕೆ ಇದಕ್ಕಿಂತ ಅಗ್ಗದ ಗೋಲು ಇಲ್ಲ. ಕೋಚ್ ಥಾಮಸ್ ಫ್ರಾಂಕ್ ದೊಡ್ಡ ತಂಡಗಳೆದುರು ಒಂದು ಬಗೆ, ಸಮಾನರೆದುರು ಇನ್ನೊಂದು ಬಗೆ ಎಂದು ತಂಡದ ನಿಲುವನ್ನೇ ಬದಲಾಯಿಸುತ್ತಿದ್ದರು. ಆ ವರ್ಷ ಬ್ರೆಂಟ್‌ಫರ್ಡ್ 46 ಅಂಕಗಳೊಂದಿಗೆ ಹದಿಮೂರನೆಯ ಸ್ಥಾನ ಪಡೆಯಿತು. ಅದಕ್ಕೆ ಎರಡು ವರ್ಷ ಮುಂಚೆ ಶೆಫೀಲ್ಡ್ ಯುನೈಟೆಡ್ ನಡುವಿನ ಡಿಫೆಂಡರ್‌ಗಳೇ ಬದಿಯಿಂದ ಮುನ್ನುಗ್ಗುವ ವಿಶಿಷ್ಟ ಪದ್ಧತಿಯಿಂದ ಒಂಬತ್ತನೆಯ ಸ್ಥಾನಕ್ಕೇರಿತ್ತು, ಆದರೆ ಎದುರಾಳಿಗಳು ಆ ಪದ್ಧತಿಯನ್ನು ಅರಿತ ಮರುವರ್ಷ ಕೊನೆಯ ಸ್ಥಾನಕ್ಕೆ ಬಿತ್ತು. 2025ರಲ್ಲಿ ಬಡ್ತಿ ಪಡೆದ ಸಂಡರ್‌ಲ್ಯಾಂಡ್ ಎಳೆಯರ ತಂಡದ ನಡುವೆ ಗ್ರಾನಿಟ್ ಜಾಕಾ ಎಂಬ ಅನುಭವಿಯನ್ನು ತಂದು ನಿಲ್ಲಿಸಿ, ಮೊದಲ ಪಂದ್ಯದಲ್ಲಿ ವೆಸ್ಟ್‌ಹ್ಯಾಮ್ ಅನ್ನು 3-0ರಿಂದಲೂ ಅಕ್ಟೋಬರ್‌ನಲ್ಲಿ ಚೆಲ್ಸಿಯನ್ನು ಅದರದೇ ಮೈದಾನದಲ್ಲಿಯೂ ಸೋಲಿಸಿದ್ದನ್ನು ನೀವೂ ನೋಡಿರುತ್ತೀರಿ.

ಸಮಯದ ಅಭಾವದ ಬಗ್ಗೆ ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ, ಮತ್ತು ಇದು ಕಾರವಾರದವರಿಗೆ ಬೇಗ ಅರ್ಥವಾಗುವ ವಿಷಯ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲದ ಬಂದರಿನಲ್ಲಿ ಆ ಎರಡು ತಿಂಗಳು ಎಂಜಿನ್ ಬಿಚ್ಚಿ ಕಟ್ಟುವುದು, ಬಲೆ ಸರಿಪಡಿಸುವುದು, ಹಲಗೆ ಬದಲಾಯಿಸುವುದು, ಹೊಸ ಕೆಲಸಗಾರರನ್ನು ಗೊತ್ತುಮಾಡಿಕೊಳ್ಳುವುದು ಎಲ್ಲವೂ ಆಗಬೇಕು. ಆಗಸ್ಟ್‌ನ ಮೊದಲ ದಿನ ಸಿದ್ಧವಿಲ್ಲದ ದೋಣಿ ಒಳ್ಳೆಯ ಹಂಗಾಮನ್ನೇ ಕಳೆದುಕೊಳ್ಳುತ್ತದೆ. ಬಡ್ತಿ ಪಡೆದ ಕ್ಲಬ್ಬಿಗೆ ಸಿಗುವುದೂ ಹೆಚ್ಚುಕಡಿಮೆ ಇಷ್ಟೇ ಕಾಲ. ಸೌತಾಂಪ್ಟನ್, ಬಡ್ತಿಯ ಕೊನೆಯ ಸ್ಥಾನವನ್ನು ನಿರ್ಧರಿಸುವ ಪ್ಲೇ-ಆಫ್‌ನ ಅಂತಿಮ ಪಂದ್ಯದಲ್ಲಿ ಲೀಡ್ಸ್ ತಂಡವನ್ನು ಸೋಲಿಸಿದ್ದು 2024ರ ಮೇ 26ರಂದು. ತಾನು ಯಾವ ವಿಭಾಗದಲ್ಲಿ ಆಡುತ್ತೇನೆ ಎಂಬುದೇ ಅದಕ್ಕೆ ಅಂದಿನವರೆಗೆ ಗೊತ್ತಿರಲಿಲ್ಲ. ಆಟಗಾರರ ರಜೆ ಕಳೆದರೆ ಅಭ್ಯಾಸಕ್ಕೆ ಉಳಿಯುವುದು ಆರೇಳು ವಾರ. ಅಷ್ಟರಲ್ಲಿ ಹಳಬರು ತಮಗೆ ಬೇಕಾದವರನ್ನು ಮಾರುಕಟ್ಟೆಯಿಂದ ಆರಿಸಿಕೊಂಡಾಗಿರುತ್ತದೆ.

ಇದೇ ಅವಧಿಯಲ್ಲಿ ಇರುವವರೂ ಬಿಟ್ಟುಹೋಗುತ್ತಾರೆ. ಲೆಸ್ಟರ್‌ಗೆ ಬಡ್ತಿ ತಂದ ಕೋಚ್ ಎಂಜೊ ಮಾರೆಸ್ಕಾ 2024ರ ಬೇಸಿಗೆಯಲ್ಲಿ ಚೆಲ್ಸಿಗೆ ಹೋದರು, ನಡುಮೈದಾನದ ಆಧಾರಸ್ತಂಭವಾಗಿದ್ದ ಡ್ಯೂಸ್‌ಬರಿ-ಹಾಲ್ ಅವರ ಹಿಂದೆಯೇ ಹೋದರು. ಹೊಸ ಕೋಚ್ ಸ್ಟೀವ್ ಕೂಪರ್ ಅವರನ್ನು ನವೆಂಬರ್‌ನಲ್ಲೇ ತೆಗೆದುಹಾಕಲಾಯಿತು. ಶೆಫೀಲ್ಡ್ ಯುನೈಟೆಡ್ 2023ರ ಆಗಸ್ಟ್‌ನಲ್ಲಿ, ಲೀಗ್ ಶುರುವಾಗಲು ಕೆಲವೇ ದಿನ ಇರುವಾಗ, ತನ್ನ ಇಬ್ಬರು ಅತ್ಯುತ್ತಮ ಆಟಗಾರರಾದ ಇಲಿಮಾನ್ ಎನ್‌ಡಿಯಾಯೆ ಮತ್ತು ಸಾಂಡರ್ ಬರ್ಗೆ ಇಬ್ಬರನ್ನೂ ಮಾರಬೇಕಾಯಿತು. ಆ ವರ್ಷ ಅದು ಬಿಟ್ಟುಕೊಟ್ಟ ಗೋಲುಗಳು 104, ಅವುಗಳಲ್ಲಿ ಎಂಟು ನ್ಯೂಕಾಸಲ್ ಎದುರಿನ ಒಂದೇ ಪಂದ್ಯದಲ್ಲಿ, ಅದೂ ಸ್ವಂತ ಮೈದಾನದಲ್ಲಿ. 2022-23ರಿಂದ ಐದು ಬದಲಿ ಆಟಗಾರರನ್ನು ಇಳಿಸಲು ಅವಕಾಶ ಬಂದದ್ದೂ ಹೊಸಬರಿಗೆ ಅನುಕೂಲವಾಗಿಲ್ಲ. ಎಪ್ಪತ್ತನೆಯ ನಿಮಿಷದಲ್ಲಿ ಬೆಂಚಿನಿಂದ ಏಳುವವರ ಗುಣಮಟ್ಟದಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು.

ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಅದೃಷ್ಟಕ್ಕೆ ಒಂದು ಪಾಲು ಬಿಡಲೇಬೇಕು. 2020ರ ಜೂನ್ 17ರಂದು, ಕೋವಿಡ್ ಬಿಡುವಿನ ನಂತರದ ಮೊದಲ ಪಂದ್ಯದಲ್ಲಿ, ಹಿಂದಿನ ವರ್ಷವಷ್ಟೇ ಬಡ್ತಿ ಪಡೆದಿದ್ದ ಆಸ್ಟನ್ ವಿಲ್ಲಾ ಗೋಲ್‌ಕೀಪರ್ ಶೆಫೀಲ್ಡ್ ಯುನೈಟೆಡ್‌ನ ಫ್ರೀ ಕಿಕ್ ಒಂದನ್ನು ಹಿಡಿಯುವಾಗ ಚೆಂಡಿನೊಂದಿಗೆ ಗೋಲು ಗೆರೆಯ ಒಳಗೇ ಹೋದರು. ಟಿ.ವಿ. ನೋಡುತ್ತಿದ್ದವರಿಗೆಲ್ಲ ಅದು ಕಂಡಿತು. ಗೆರೆ ಕಾಯುವ ಕ್ಯಾಮೆರಾಗಳಿಗೆ ಆಟಗಾರರೇ ಅಡ್ಡವಾಗಿದ್ದ ಕಾರಣ ಗೋಲಾದರೆ ಸಂಕೇತ ಕೊಡುವ ರೆಫರಿಯ ಕೈಗಡಿಯಾರ ಮಿಡಿಯಲಿಲ್ಲ, ಗೋಲು ಕೊಡಲಿಲ್ಲ, ಪಂದ್ಯ ಗೋಲಿಲ್ಲದೆ ಮುಗಿಯಿತು. ವರ್ಷದ ಕೊನೆಗೆ ವಿಲ್ಲಾ 35 ಅಂಕಗಳೊಂದಿಗೆ ಉಳಿಯಿತು. 34 ಅಂಕ ಗಳಿಸಿದ ಬೋರ್ನ್‌ಮತ್ ಮತ್ತು ವಾಟ್‌ಫರ್ಡ್ ಇಳಿದವು. ನಾಲ್ಕು ವರ್ಷಗಳ ನಂತರ ಅದೇ ವಿಲ್ಲಾ ನಾಲ್ಕನೆಯ ಸ್ಥಾನ ಪಡೆದು ಯೂರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಪ್ರವೇಶಿಸಿತು. ಮೊದಲ ವರ್ಷವನ್ನು ಹೇಗಾದರೂ ದಾಟಿಬಿಟ್ಟರೆ ಮುಂದಿನದು ಎಷ್ಟು ಬದಲಾಗುತ್ತದೆ ಎಂಬುದಕ್ಕಾಗಿ ಇದನ್ನು ಹೇಳಿದೆ.

ನಮ್ಮ ದೇಶದಲ್ಲಿ ಈ ಅನುಭವ ಇನ್ನೂ ಹೊಸದು. ಐ-ಲೀಗ್ ಗೆದ್ದು ಇಂಡಿಯನ್ ಸೂಪರ್ ಲೀಗ್‌ಗೆ ಬಡ್ತಿ ಪಡೆದ ಮೊದಲ ತಂಡ ಪಂಜಾಬ್ ಎಫ್‌ಸಿ 2023-24ರಲ್ಲಿ ಎಂಟನೆಯ ಸ್ಥಾನ ಗಳಿಸಿ ಮಾನ ಉಳಿಸಿಕೊಂಡಿತು. ಮರುವರ್ಷ ಬಂದ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಹದಿಮೂರು ತಂಡಗಳಲ್ಲಿ ಹದಿಮೂರನೆಯದಾಯಿತು. ಬೆಂಗಳೂರು ಎಫ್‌ಸಿ 2017ರಲ್ಲಿ ಐ-ಲೀಗಿನಿಂದ ಬಂದ ಮೊದಲ ವರ್ಷವೇ ಅಂತಿಮ ಪಂದ್ಯ ತಲುಪಿತು, ಎರಡನೆಯ ವರ್ಷ ಪ್ರಶಸ್ತಿ ಗೆದ್ದಿತು. ಆದರೆ ಅದು ಬಡ್ತಿಯ ಮೂಲಕ ಬಂದದ್ದಲ್ಲ, ಹಣ ಮತ್ತು ಸಿದ್ಧತೆಯ ಕಾಲ ಎರಡನ್ನೂ ಕೈಯಲ್ಲಿಟ್ಟುಕೊಂಡು ಬಂದದ್ದು.

ಈಗ ನಿಮ್ಮ ಕೇರಿಯ ತಂಡ. ನಿಮಗೆ ಆಟಗಾರರನ್ನು ಕೊಳ್ಳುವ ಪ್ರಶ್ನೆಯಿಲ್ಲ, ಕಾಲ ಮಾತ್ರ ಇದೆ. ಮೊದಲು, ನಿಮ್ಮೊಂದಿಗೆ ಮೇಲಿನ ವಿಭಾಗದಲ್ಲಿರುವ ತಂಡಗಳಲ್ಲಿ ನೀವು ಸೋಲಿಸಬಹುದಾದ ಎರಡು ಮೂರು ತಂಡಗಳು ಯಾವುವು ಎಂದು ಗುರುತಿಸಿ, ಅವುಗಳ ಪಂದ್ಯ ನಡೆಯುವಾಗ ಇಬ್ಬರು ಹೋಗಿ ನೋಡಿ ಬನ್ನಿ. ಕಾರವಾರದಿಂದ ರೈಲಿನಲ್ಲಿ ಹೋಗಿ ಸಂಜೆಗೆ ಮರಳಬಹುದು. ದೊಡ್ಡ ತಂಡದೆದುರು ಸೋತ ದಿನ ಹುಡುಗರನ್ನು ಗದರಿಸಬೇಡಿ, ಆ ಮೂರು ಪಂದ್ಯಗಳಿಗಾಗಿ ಅವರ ಕಾಲನ್ನೂ ಮನಸ್ಸನ್ನೂ ಉಳಿಸಿಕೊಳ್ಳಿ. ಅಭ್ಯಾಸದಲ್ಲಿ ಮೈದಾನವನ್ನು ಅರ್ಧಕ್ಕಿಳಿಸಿ, ಯಾರೂ ಚೆಂಡನ್ನು ಎರಡಕ್ಕಿಂತ ಹೆಚ್ಚು ಸಲ ಮುಟ್ಟಬಾರದು ಎಂಬ ನಿಯಮ ಹಾಕಿ, ಮೂರನೆಯ ಸಲ ಮುಟ್ಟಿದರೆ ಚೆಂಡು ಎದುರಾಳಿಗೆ. ನಿಮಗಿಂತ ನಾಲ್ಕೈದು ವರ್ಷ ಹಿರಿಯರಾದ, ನಿಮಗಿಂತ ವೇಗವಾಗಿ ಓಡುವವರನ್ನು ಎದುರಿಗೆ ಕರೆದು ಅವರೊಂದಿಗೆ ಚೆಂಡಿಲ್ಲದೆ ಇಪ್ಪತ್ತು ನಿಮಿಷ ಗೋಲು ಕಾಯುವುದನ್ನು ಕಲಿಯಿರಿ, ಏಕೆಂದರೆ ಅಲ್ಲಿ ನಿಮ್ಮ ಬಹುಪಾಲು ಆಟ ಹಾಗೆಯೇ ನಡೆಯಲಿದೆ. ವಾರಕ್ಕೆ ಒಂದು ಸಂಜೆಯನ್ನು ಪೂರ್ತಿಯಾಗಿ ಕಾರ್ನರ್ ಮತ್ತು ಥ್ರೋಗಳಿಗೆ ಮೀಸಲಿಡಿ: ಯಾರು ಎಸೆಯುವುದು, ಯಾರು ಗೋಲ್‌ಕೀಪರ್ ಮುಂದೆ ನಿಲ್ಲುವುದು, ಯಾರು ಹಿಂದೆ ಉಳಿಯುವುದು ಎಂಬುದು ಹೇಳದೆಯೇ ಎಲ್ಲರಿಗೂ ತಿಳಿದಿರಬೇಕು. ಗೋಲ್‌ಕೀಪರ್‌ಗೆ ಈಗಲೇ ಹೇಳಿಡಿ, ಒತ್ತಡ ಬಂದಾಗ ಚೆಂಡನ್ನು ದೂರ ಒದೆಯುವುದು ಹೇಡಿತನವಲ್ಲ ಎಂದು. ನನ್ನ ಆ ಎಡಗಡೆಯ ಡಿಫೆಂಡರ್ ಹುಡುಗನಿಗೆ ಇದನ್ನು ಹೋಗುವ ಮುಂಚೆ ನಾನು ಹೇಳಿರಲಿಲ್ಲ. ಹೇಳಿದ್ದು ಬರುವಾಗ, ಮಡಗಾಂವ್ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಾ ಕುಳಿತಿದ್ದಾಗ.